ಬಿಸಿಲಿಗೆ ಕಾಯಬೇಡಿ
ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಕನ್ನಡಿಗರೇ, ಬೇಸಿಗೆಯಲ್ಲಿ ಮ್ಯೂರ್ ವುಡ್ಸ್‌ಗೆ ಹೋದರೆ ಬೆಳಿಗ್ಗೆ ಬೇಗ, ಮಂಜಿರುವಾಗಲೇ ಹೋಗಿ. ರೆಡ್‌ವುಡ್ ಮರಗಳ ಫೋಟೋಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಬಿಸಿಲು ಬಂತೆಂದರೆ ಕಾಡಿನೊಳಗೆಲ್ಲ ಬಿಳಿ ಕಲೆ, ಕಪ್ಪು ನೆರಳು.

ಬಿಳಿ ಮಂಜು ಕಂಡರೆ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಮಂಕಾಗಿಸುತ್ತದೆ. ಎಕ್ಸ್‌ಪೋಷರನ್ನು +1ರ ಆಸುಪಾಸಿಗೆ ಏರಿಸಿ. ಫೋಕಸ್ ತಡಕಾಡಿದರೆ ಹತ್ತಿರದ ಕಾಂಡದ ಕಪ್ಪು ಅಂಚಿಗೆ ಹಿಡಿಯಿರಿ. ಪೆಸಿಫಿಕ್‌ನಿಂದ ಬಂದ ಮಂಜು ಎಲೆಗಳಿಗೆ ತಾಗಿ ಟಪಟಪ ಹನಿಯುತ್ತದೆ. ಮಳೆಯೇ ಅಪರೂಪವಾದ ಆ ತಿಂಗಳುಗಳಲ್ಲಿ ಮರಗಳಿಗೆ ಅದು ದೊಡ್ಡ ಆಸರೆ, ನಿಮ್ಮ ಲೆನ್ಸಿಗೆ ಮಾತ್ರ ಕಾಟ. ಒಣ ಬಟ್ಟೆ ಜೇಬಿನಲ್ಲಿರಲಿ. ಚಿತ್ರ ಎಷ್ಟೇ ಚೆನ್ನಾಗಿ ಬರುವಂತಿದ್ದರೂ ದಾರಿ ಬಿಟ್ಟು ಇಳಿಯಬೇಡಿ, ದಯವಿಟ್ಟು: ಈ ಮರಗಳ ಬೇರು ಆಳಕ್ಕಿಳಿಯುವುದಿಲ್ಲ, ತುಳಿದರೆ ಪೆಟ್ಟಾಗುತ್ತದೆ.

ಪಾರ್ಕಿಂಗ್ ಮೊದಲೇ ಕಾಯ್ದಿರಿಸಿ, ಅಲ್ಲಿ ಮೊಬೈಲ್ ಸಿಗ್ನಲ್ ಸಿಗದು.