ಮಷೀನ್ ಇರುವ ಮನೆಗೆ ಬಾಡಿಗೆ ಹೆಚ್ಚು ಕೊಡಬಹುದೇ?

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಫ್ಲ್ಯಾಟ್ ನೋಡಿದ್ದೇವೆ, ಕೊನೆಯ ಮಹಡಿ. ಯುಟಿಲಿಟಿಯಲ್ಲಿ ಮಾಲೀಕರದೇ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಇದೆ. ಅದಕ್ಕೆಂದು ತಿಂಗಳಿಗೆ 1,500 ರೂಪಾಯಿ ಹೆಚ್ಚು ಕೇಳುತ್ತಾರೆ. ಒಪ್ಪೋಣವೇ?

ಉತ್ತರ: ಮೊದಲು ಲೆಕ್ಕ ಹಾಕಿ. 11 ತಿಂಗಳ ಕರಾರಿಗೆ ಅದು 16,500 ರೂಪಾಯಿ. ಆ ದುಡ್ಡಿಗೆ ಸಾಧಾರಣ ಟಾಪ್ ಲೋಡ್ ಮಷೀನೇ ನಿಮ್ಮದಾಗುತ್ತದೆ, ಮನೆ ಬಿಡುವಾಗ ಜೊತೆಗೂ ಬರುತ್ತದೆ.

ನನಗೆ ಮಷೀನಿಗಿಂತ ನೀರಿನದೇ ಯೋಚನೆ. ಅಪಾರ್ಟ್‌ಮೆಂಟಿಗೆ ಕಾವೇರಿ ನೀರು ಬರುತ್ತದೆಯೇ, ಬೋರ್‌ವೆಲ್ಲೇ, ಟ್ಯಾಂಕರೇ? ವಾಚ್‌ಮನ್‌ರನ್ನು ಕೇಳಿ, ಬ್ರೋಕರ್ ಬಾಯಲ್ಲಿ ಎಲ್ಲ ಮನೆಗೂ ಕಾವೇರಿಯೇ. ಗಡಸು ನೀರಾದರೆ ಸೋಪು ನೊರೆ ಬಿಡುವುದಿಲ್ಲ, ಮಷೀನಿನ ಹೀಟರ್ ಮೇಲೆ ಸುಣ್ಣ ಕಟ್ಟುತ್ತದೆ. ಕೊನೆಯ ಮಹಡಿಗೆ ಇನ್ನೊಂದು ತೊಡಕಿದೆ. ಟ್ಯಾಂಕ್ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ನಿಮಗೆ ಟ್ಯಾಂಕ್ ನೆತ್ತಿಯ ಮೇಲೇ ಇರುವುದರಿಂದ, ಪ್ರೆಷರ್ ಪಂಪ್ ಇಲ್ಲದಿದ್ದರೆ ಮಷೀನಿಗೆ ನೀರು ತುಂಬುವುದೇ ತಡ.

ಅಡ್ವಾನ್ಸ್ ಕೊಡುವ ಮೊದಲು ನಿಮ್ಮೆದುರೇ ಒಂದು ಸಲ ಬಟ್ಟೆ ಹಾಕಿ ಓಡಿಸಲು ಹೇಳಿ. ನೀರು ಹೊರಹೋಗುವಾಗ ಯುಟಿಲಿಟಿಯ ನೆಲದ ಜಾಲರಿಯಿಂದ ಉಕ್ಕಿದರೆ ಪೈಪ್ ಕಟ್ಟಿದೆ ಎಂದರ್ಥ. ಅರ್ಥಿಂಗ್ ಇರುವ 16 ಆಂಪ್ಸ್ ಸಾಕೆಟ್ ಇದೆಯೇ ನೋಡಿ.

ಕರಾರಿನಲ್ಲಿ ಮಷೀನಿನ ಬ್ರಾಂಡ್, ಈಗಿನ ಸ್ಥಿತಿ, ರಿಪೇರಿ ಖರ್ಚು ಯಾರದೆಂಬುದನ್ನು ಬರೆಸಿ. ಫೋಟೋ ತೆಗೆದಿಡಿ. ಇಲ್ಲವಾದರೆ ಬಣ್ಣದ ಖರ್ಚಿನ ಜೊತೆಗೆ ಅದನ್ನೂ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಒಂದೇ ವರ್ಷಕ್ಕೆ ಊರು ಬಿಡುವವರಾದರೆ 500 ರೂಪಾಯಿಗೆ ಚೌಕಾಸಿ ಮಾಡಿ. ಹೆಚ್ಚು ಕಾಲ ಇರುವವರಾದರೆ, ಅವರ ಮಷೀನ್ ಅವರೇ ತೆಗೆದುಕೊಂಡು ಹೋಗಲಿ.