ಟಿಂಬಕ್ಟುವಿನ ಗೋರಿಗಳ ಬೆಲೆ ಎಷ್ಟು?

ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಪಾಠ ಬಂದಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ಕಣ್ಣಿಗೆ ಕಾಣದ್ದಕ್ಕೆ ಬೆಲೆ ಕಟ್ಟುವುದು ಹೇಗೆ? 2017ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮುಂದೆಯೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಬಂದಿತ್ತು. ಅಲ್ಲಿ ಬೆಲೆ ಕಟ್ಟಬೇಕಾಗಿದ್ದು ಕೆಡವಿದ ಗೋರಿಗಳಿಗೆ.

ಟಿಂಬಕ್ಟು ಆಫ್ರಿಕಾದ ಮಾಲಿ ದೇಶದಲ್ಲಿ, ಸಹಾರಾ ಮರುಭೂಮಿಯ ಅಂಚಿನಲ್ಲಿದೆ. ಒಂದು ಕಾಲಕ್ಕೆ ಉಪ್ಪು, ಚಿನ್ನ ಮತ್ತು ಕೈಬರಹದ ಪುಸ್ತಕಗಳ ವ್ಯಾಪಾರಕ್ಕೆ ಹೆಸರಾದ ಊರು. ಇಲ್ಲಿ 333 ಔಲಿಯಾಗಳು ಮಲಗಿದ್ದಾರೆ ಎಂದು ಜನ ಹೇಳುತ್ತಾರೆ. ಗೋರಿ ಎಂದ ಕೂಡಲೇ ವಿಜಯಪುರದ ಗೋಲ ಗುಮ್ಮಟವನ್ನು ನೆನೆಯಬೇಡಿ. ಇವು ಮಣ್ಣು, ಕಲ್ಲಿನ ಸಣ್ಣ ಕಟ್ಟಡಗಳು. ಊರವರೇ ಮಣ್ಣು ಮೆತ್ತಿ ಮೆತ್ತಿ ಉಳಿಸಿಕೊಂಡು ಬಂದಿದ್ದರು. 1988ರಲ್ಲಿ ಟಿಂಬಕ್ಟು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

2012ರಲ್ಲಿ ಅನ್ಸಾರ್ ದೀನ್ ಮತ್ತು ಅಲ್ ಖೈದಾ ಗುಂಪುಗಳು ಊರನ್ನು ವಶಪಡಿಸಿಕೊಂಡವು. ಜೂನ್ ಕೊನೆಯಿಂದ ಜುಲೈವರೆಗೆ ಗುದ್ದಲಿ, ಹಾರೆ ಹಿಡಿದು ಗೋರಿಗಳನ್ನು ಕೆಡವಲಾಯಿತು. ಸಿದಿ ಯಹ್ಯಾ ಮಸೀದಿಯ ಒಂದು ಬಾಗಿಲನ್ನು ಕಿಯಾಮತ್‌ವರೆಗೆ ತೆರೆಯಬಾರದು ಎಂಬ ನಂಬಿಕೆ ಇತ್ತು. ಅದನ್ನೂ ಒಡೆದರು.

ಈ ಕೆಲಸದ ಮೇಲ್ವಿಚಾರಣೆ ವಹಿಸಿದ್ದವನು ಅಹ್ಮದ್ ಅಲ್ ಫಕಿ ಅಲ್ ಮಹ್ದಿ. ಗೋರಿಯ ಮೇಲೆ ಕಟ್ಟಡ ಕೂಡದು ಎಂಬುದು ಅವನ ಅಭಿಪ್ರಾಯವಾಗಿತ್ತು. ಆದರೂ ಕೆಡವಿದರೆ ಊರವರೊಂದಿಗೆ ಸಂಬಂಧ ಕೆಡುತ್ತದೆ, ಬೇಡ ಎಂದು ಮೊದಲು ಅವನೇ ಸಲಹೆ ಕೊಟ್ಟಿದ್ದ. ಮೇಲಿನಿಂದ ಆದೇಶ ಬಂದಾಗ ಒಪ್ಪಿದ, ಜುಮಾ ನಮಾಜಿನ ಖುತ್ಬಾವನ್ನೂ ಈ ವಿಷಯದ ಮೇಲೆಯೇ ಬರೆದ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ನಮ್ಮ ಮನೆಯಲ್ಲೂ ದಾದಿ ದರ್ಗಾಕ್ಕೆ ಹೋಗುತ್ತಾರೆ, ಚಾಚಾ ಹೋಗುವುದಿಲ್ಲ. ದಸ್ತರ್‌ಖಾನ್ ಮುಂದೆ ಜೋರಾಗಿಯೇ ವಾದ ನಡೆಯುತ್ತದೆ. ಆದರೆ ದಾದಿಯನ್ನು ಬೈಕಿನಲ್ಲಿ ದರ್ಗಾದ ಬಾಗಿಲವರೆಗೆ ಬಿಟ್ಟು ಬರುವವರೂ ಚಾಚಾನೇ.

ಮಹ್ದಿ ತಪ್ಪೊಪ್ಪಿಕೊಂಡ. 2016ರ ಸೆಪ್ಟೆಂಬರ್‌ನಲ್ಲಿ 9 ವರ್ಷ ಜೈಲು ಶಿಕ್ಷೆಯಾಯಿತು. ಪರಂಪರೆಯ ಕಟ್ಟಡಗಳ ನಾಶವನ್ನೇ ಮುಖ್ಯ ಆರೋಪವಾಗಿ ಆ ನ್ಯಾಯಾಲಯ ವಿಚಾರಿಸಿದ್ದು ಅದೇ ಮೊದಲು. ಮರುವರ್ಷ ಆಗಸ್ಟ್‌ನಲ್ಲಿ ಪರಿಹಾರದ ಲೆಕ್ಕ ಬಂತು: ಒಟ್ಟು 27 ಲಕ್ಷ ಯೂರೋ.

ಕಾಮರ್ಸ್ ಮಿತ್ರರೇ, ಇದನ್ನು ಬಿಡಿಸಿ ನೋಡಿ. ಕಟ್ಟಡಗಳಿಗಾದ ಹಾನಿಗೆ 97,000 ಯೂರೋ. ಅಂದರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ! ಊರಿನ ಜನರಿಗಾದ ಆರ್ಥಿಕ ನಷ್ಟಕ್ಕೆ 21.2 ಲಕ್ಷ. ಮನಸ್ಸಿಗಾದ ನೋವಿಗೆ 4.83 ಲಕ್ಷ. ಮಣ್ಣಿನ ಗೋಡೆಗೆ ಪುಸ್ತಕದ ಬೆಲೆ ಎಷ್ಟಿರಲು ಸಾಧ್ಯ? ಆದರೆ ಆ ಗೋಡೆಯನ್ನೇ ನಂಬಿ ಬದುಕಿದವರಿದ್ದರು. ಒಳಗೆ ಮಲಗಿದವರ ವಂಶದವರಿದ್ದರು. ವೈಯಕ್ತಿಕ ಪರಿಹಾರ ಈ ಎರಡು ಬಗೆಯವರಿಗೆ, ಉಳಿದದ್ದು ಇಡೀ ಊರಿಗೆ ಎಂದು ನ್ಯಾಯಾಲಯ ಹೇಳಿತು. ಮಾಲಿ ದೇಶಕ್ಕೆ ಮತ್ತು ಯುನೆಸ್ಕೋಗೆ ಸಾಂಕೇತಿಕವಾಗಿ ತಲಾ 1 ಯೂರೋ.

ಇಷ್ಟೆಲ್ಲ ಲೆಕ್ಕ ಮುಗಿಯುವ ಮೊದಲೇ, 2015ರ ಜುಲೈ ಹೊತ್ತಿಗೆ, ಅಲ್ಲಿನ ಗಾರೆ ಕೆಲಸದವರು ಯುನೆಸ್ಕೋ ನೆರವಿನಿಂದ 14 ಗೋರಿಗಳನ್ನು ಮತ್ತೆ ಕಟ್ಟಿ ಮುಗಿಸಿದ್ದರು.

ಮಹ್ದಿಯ ಬಳಿ ಕೊಡಲು ಹಣವಿರಲಿಲ್ಲ. ನಾವಾದರೆ ಬ್ಯಾಡ್ ಡೆಟ್ ಎಂದು ಬರೆದು ಖಾತೆ ಮುಚ್ಚುತ್ತಿದ್ದೆವು. ನ್ಯಾಯಾಲಯ ಮಾತ್ರ ಸಾಲವನ್ನು ಅವನ ಹೆಸರಿನಲ್ಲೇ ಉಳಿಸಿ, ಸಂತ್ರಸ್ತರಿಗಾಗಿ ಇರುವ ನಿಧಿಗೆ ನೆರವಾಗಲು ಕೇಳಿಕೊಂಡಿತು.