ಊರನ್ನು ಕಾಯುವ ಕಾಡು

ವಿದ್ಯಾರ್ಥಿಗಳೇ, ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳ ನಡುವೆ, ಸುಮಾರು 1,440 ಮೀಟರ್ ಎತ್ತರದಲ್ಲಿರುವ ಆಂಡರ್ಮಾಟ್ ಗ್ರಾಮವನ್ನು ನಾವು ಮನಸ್ಸಿನಲ್ಲಿಯೇ ಸಂದರ್ಶಿಸೋಣ. ಪಾದಗಳಿಗೆ ನೀಳವಾದ ಪಟ್ಟಿಗಳನ್ನು ಬಿಗಿದು ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಗಾಗಿ ಚಳಿಗಾಲದಲ್ಲಿ ಅಲ್ಲಿಗೆ ಪ್ರವಾಸಿಗಳು ಬರುತ್ತಾರೆ.

ತಲೆಯೆತ್ತಿ ನೋಡಿದರೆ ಊರಿನ ಮೇಲಣ ಇಳಿಜಾರಿನಲ್ಲಿ ತ್ರಿಕೋನಾಕಾರದ ಕಾಡೊಂದು ಕಾಣುತ್ತದೆ. ಅಲ್ಲಿ ಮರ ಕಡಿಯಬಾರದೆಂದು ಊರವರು 1397ರಲ್ಲಿಯೇ ಕಟ್ಟಳೆ ಬರೆದಿಟ್ಟರು. ಕಾರಣವೇನು? ಕಡಿದಾದ ಬೆಟ್ಟದಲ್ಲಿ ಪದರಪದರವಾಗಿ ಕೂಡಿದ ಹಿಮವು ಒಮ್ಮೆಲೇ ಜಾರಿ ಮನೆಗಳನ್ನು ಹೂಳಬಲ್ಲುದು. ಒತ್ತಾಗಿ ಬೆಳೆದ ಮರಗಳು ಅದನ್ನು ಮೊದಲೆಡೆಯಲ್ಲಿಯೇ ಹಿಡಿದು ನಿಲ್ಲಿಸುತ್ತವೆ.

1951ರ ಜನವರಿಯಲ್ಲಿ ಹಿಮರಾಶಿಗಳು ಕುಸಿದು ಅಲ್ಲಿ 13 ಮಂದಿ ಮಡಿದರು. ಇಂದು ಕಾಡಿನೊಂದಿಗೆ ಇಳಿಜಾರಿನಲ್ಲಿ ಕಟ್ಟಿದ ತಡೆಗಳೂ ಊರನ್ನು ಕಾಯುತ್ತಿವೆ.

ಕಡಿದ ಮರ ಒಂದು ಚಳಿಗಾಲಕ್ಕೆ ಸೌದೆಯಾಗುತ್ತಿತ್ತು. ಉಳಿಸಿದ ಮರ ಆರು ಶತಮಾನಗಳ ಮಕ್ಕಳಿಗೆ ಆಸರೆಯಾಯಿತು. ಹಿರಿಯರು ಹಾಕಿದ ಕಟ್ಟಳೆಯ ಅರ್ಥವನ್ನು ನಾವು ಹೀಗೆ ಕೇಳಿ ತಿಳಿಯಬೇಕು.